ಅರ್ಧ ಬಾಲದ ಮಾತು

ನಾಲ್ಕು ದಿನದಿಂದ ಚಂಪಿ ಏನೂ ತಿಂದಿರಲಿಲ್ಲ. ಹಾಲಿಟ್ಟರೆ ಮೂಸಿ ಮುಖ ತಿರುಗಿಸುತ್ತಿತ್ತು. ತುಪ್ಪ ಸವರಿದ ರೊಟ್ಟಿ ಇಟ್ಟರೆ ಅದನ್ನು ದಾಟಿಕೊಂಡು ಹೋಗುತ್ತಿತ್ತು.

ಅದನ್ನು ಸಾಕಿದ ಶೈಲಾ ಮದುವೆಯಾಗಿ ಬ್ಯಾಡಗಿ ಸೇರಿ ತಿಂಗಳಾಗಿತ್ತು. ಅವಳ ನೆನಪಿನಲ್ಲೇ ಬೆಕ್ಕು ಕೊರಗುತ್ತಿದೆ ಎಂದು ರಾಣೆಬೆನ್ನೂರಿನ ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಹನ್ನೊಂದರ ಬಸ್ಸಿಗೆ ಚಂಪಿಯನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಹೋಗಿ ಅಕ್ಕನಿಗೆ ಮುಟ್ಟಿಸುವ ಕೆಲಸ ತಮ್ಮ ಮಧುವಿನ ಕುತ್ತಿಗೆಗೆ ಬಿತ್ತು. ಇವತ್ತು ಮುಟ್ಟಿಸದಿದ್ದರೆ ಬೆಕ್ಕು ಉಳಿಯುವುದಿಲ್ಲವೆಂದು ಅವ್ವ ಜಯವ್ವ ಬೆಳಗಿನಿಂದ ಮೂರು ಸಲ ಕಣ್ಣೊರೆಸಿಕೊಂಡಿದ್ದಳು.

ಈಗ ಹತ್ತು ಗಂಟೆ. ಚಂಪಿ ಮನೆಯ ಮುಂಭಾಗದ ಅಂಗಡಿಯಲ್ಲಿ ಹಗ್ಗದ ಸುರುಳಿಗಳ ಮೇಲೆ ಕೂತಿತ್ತು. ಎತ್ತಿನ ಹಗ್ಗ, ಮೂಗುದಾರ, ಗೆಜ್ಜೆ, ಕೊಂಬಿನ ಗೊಂಡೆ ಮಾರುವ ಅಂಗಡಿ. ಮಧು ಹೀರೋ ಎಂಟ್ರಿ ಕೊಡುವವನ ಹಾಗೆ ಕಾಲರ್ ಎತ್ತಿ, ಬುಟ್ಟಿ ಹಿಡಿದು ನಿಂತ.

"ಏ ಚಂಪಿ, ಮರ್ಯಾದಿಲೆ ಬುಟ್ಟಿಗಿ ಇಳಿ. ಈ ಮಧು ಕೇಳೂದು ಒಂದ ಸಲ. ಎರಡನೇ ಸಲ ಬರೇ ಸದ್ದು ಬರ್ತೈತಿ!"

ಚಂಪಿಯ ಕರಿಬಾಲ ಪಟಪಟನೆ ಎಡಕ್ಕೂ ಬಲಕ್ಕೂ ಬಡಿಯಿತು.

ಗಾದಿಯ ಮೇಲಿದ್ದ ಅಜ್ಜ ಹಾಲಸಿದ್ದಪ್ಪ ಕನ್ನಡಕ ಏರಿಸಿದ. ನಲವತ್ತು ವರ್ಷ ಎತ್ತಿನ ವ್ಯಾಪಾರ ಮಾಡಿದವನು. ಬಾಲ ನೋಡಿಯೇ ಎತ್ತಿನ ಜಾತಕ ಹೇಳುತ್ತಾನೆಂದು ದನದ ಸಂತೆಯಲ್ಲಿ ಹೆಸರು.

"ನೋಡಲೇ, ಬಾಲ ಬೀಸಾಕತ್ತೈತಿ. ಹುರುಪಿನ್ಯಾಗ ಐತಿ. ಎತ್ತು ಹಿಂಗ ಬೀಸಿತಂದ್ರ ಬಂಡಿ ಕಟ್ಟಾಕ ತಯಾರ್ ಅಂತ. ಹಾಕು ಕೈ!"

ಮಧು ಕೈ ಹಾಕಿದ. ಮುಂಗೈ ಮೇಲೆ ಮೂರು ಕೆಂಪು ಗೆರೆ ಬಿದ್ದವು.

"ಅಜ್ಜಾ! ಇದು ಬಂಡಿ ಕಟ್ಟೂ ಹುರುಪಲ್ಲ, ನನ್ನ ಹೆಣಾ ಕಟ್ಟೂ ಹುರುಪು!"

"ನೀ ಹಿಡಿಯೂದ ತಪ್ಪು. ಸರಿ ಅತ್ಲಾಗ."

ಅಜ್ಜ ಎದ್ದು ಹಿಂದಿನಿಂದ ಬಂದ. ಮೊಂಡು ಎತ್ತನ್ನು ಎಬ್ಬಿಸುವ ಹಾಗೆ ಬಾಲದ ಬುಡ ಹಿಡಿದು ಮೆಲ್ಲಗೆ ತಿರುವಿದ. ಚಂಪಿ ಚೀರಿತು. ಸಾಲಾಗಿ ತೂಗುಹಾಕಿದ್ದ ಗೆಜ್ಜೆಗಳನ್ನೆಲ್ಲ ಝಲ್ಲೆನಿಸಿ ಕಪಾಟಿನ ತುದಿ ಹತ್ತಿತು. ಬಾಲದ ಬುಡ ಬಾಟಲಿ ತೊಳೆಯುವ ಬ್ರಶ್ಶಿನಂತೆ ಉಬ್ಬಿತ್ತು.

"ಬಾಲ ಮೈ ತುಂಬಿಕೊಂತು ನೋಡು. ಇನ್ನಾ ತಾಕತ್ತ ಐತಿ," ಅಂದ ಅಜ್ಜ, ಸಮಾಧಾನದಿಂದ.

"ಅದಕ್ಕ ತಾಕತ್ತ ಐತಿ, ನನಗ ಟೈಮ್ ಇಲ್ಲ! ಅಜ್ಜಾ, ನಿನ್ನ ಕೈ ಮುಗೀತೇನಿ, ನೀ ಗಾದಿ ಮ್ಯಾಲ ಕುಂದ್ರು!"

ಮಧು ಏಣಿ ತಂದ. ಕಂಬಳಿ ತಂದ. ಹಾಲಿನ ಬಟ್ಟಲು ತೋರಿಸಿ ಚಿನ್ನ, ರನ್ನ ಎಂದ. ಆಮೇಲೆ ಬೇರೆ ಮಾತುಗಳನ್ನೂ ಆಡಿದ. ಬೆವರಿಳಿದು ಅಂಗಿ ಬೆನ್ನಿಗೆ ಅಂಟಿತು, ಬೆಕ್ಕು ಮಾತ್ರ ಇಳಿಯಲಿಲ್ಲ. ಹತ್ತೂವರೆಗೆ ಶೈಲಾಳ ವಿಡಿಯೋ ಕಾಲ್ ಬಂತು.

"ಬಸ್ಸಿಗಿ ಹೊಂಟೀರೇನೋ?"

"ಎಲ್ಲೀ ಬಸ್ಸು ಅಕ್ಕಾ! ನಿನ್ನ ಮಗಳು ಬಾಲ ಬಡೀತಾಳ, ಬಾಲ ಉಬ್ಬಸ್ತಾಳ. ಅಜ್ಜ ಅದಕ್ಕ ಎತ್ತಿನ ಅರ್ಥ ಹೇಳ್ತಾನ. ನಡೂವ ನನ್ನ ಚರ್ಮ ಹೋಗಾಕತ್ತೈತಿ!"

"ಬಡದ್ರ ಸಿಟ್ಟು, ಉಬ್ಬಿಸಿದ್ರ ಅಂಜಿಕಿ. ಬಾಲ ನೆಟ್ಟಗ ಎತ್ತಿದ್ರ ಮಾತ್ರ ಬಾ ಅಂತ ಕರದಂಗ. ಅಲ್ಲೀತನಾ ಸುಮ್ಮ ಕುಂದ್ರು. ಕಣ್ಣಾಗ ಕಣ್ಣಿಟ್ಟ ನೋಡಬ್ಯಾಡ. ಡೈಲಾಗ್ ಅಂತೂ ಬ್ಯಾಡ."

ಮಧು ಫೋನನ್ನು ಹಗ್ಗಕ್ಕೆ ಆನಿಸಿಟ್ಟು ಬಾಯಿ ಮುಚ್ಚಿ ಕೂತ. ಹತ್ತು ನಿಮಿಷ! ನಿದ್ದೆ ಬಿಟ್ಟರೆ ಅವನು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. "ಚಂಪೀ... ಬಾರವ್ವಾ," ಎಂದು ಶೈಲಾ ಕರೆದಳು. ಕಪಾಟಿನಿಂದ ಹಗ್ಗಕ್ಕೆ, ಹಗ್ಗದಿಂದ ನೆಲಕ್ಕೆ ಇಳಿದ ಚಂಪಿ ದನಿ ಬಂದ ಕಡೆ ನಡೆಯಿತು. ಬಾಲ ಮೇಲೆದ್ದಿತು.

ಅರ್ಧ ಮಾತ್ರ ಎದ್ದಿತು. ಉಳಿದರ್ಧ ಒದ್ದೆ ಬಟ್ಟೆಯ ಹಾಗೆ ಕೆಳಗೆ ಜೋತುಬಿತ್ತು.

"ಮಧು, ಫೋನ್ ಹತ್ರ ಒಯ್ಯಿ." ಶೈಲಾಳ ದನಿ ಬದಲಾಗಿತ್ತು. "ಬಾಲಕ್ಕ ಅದೇನದು? ದಾರಾ?"

"ದೃಷ್ಟಿದಾರ ಅದು," ಅಂದ ಅಜ್ಜ. "ಮೊನ್ನೇನ ನೋಡೇನಿ. ನಿಮ್ಮವ್ವ ಕಟ್ಟಿರಬೇಕು."

ಒಳಬಾಗಿಲಿನಲ್ಲಿದ್ದ ಜಯವ್ವ ಗಾಬರಿಯಾದಳು. "ನಾ ಎಲ್ಲಿ ಕಟ್ಟೇನ್ರಿ ಮಾವಾರ? ನೀವ ಕಟ್ಟೀರಂತ ತಿಳದು ನಾನೂ ಕೈ ಹಚ್ಚಲಿಲ್ಲ."

ಆ ಮನೆಯಲ್ಲಿ ಎತ್ತಿನ ಕೊಂಬು, ಕರುವಿನ ಕಾಲು, ಅಂಗಡಿಯ ಬಾಗಿಲು ಎಲ್ಲಕ್ಕೂ ಕರಿದಾರ. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಬಿಚ್ಚುವ ಪದ್ಧತಿಯಿಲ್ಲ. ಇಬ್ಬರೂ ಒಟ್ಟಿಗೇ ಮಧುವಿನ ಕಡೆ ತಿರುಗಿದರು.

ಗುರುವಾರ ಮಧು ಚಂಪಿಯ ಬಾಲಕ್ಕೆ ದಾರದಿಂದ ಎತ್ತಿನ ಗೆಜ್ಜೆ ಕಟ್ಟಿ ರೀಲ್ ಮಾಡಿದ್ದ. ಝಣಝಣ ಎನ್ನುತ್ತ ಬೆಕ್ಕು ದಿಕ್ಕೆಟ್ಟು ಓಡಿತ್ತು. ಹಿಂದಿನಿಂದ ಇವನ ವಿಲನ್ ನಗೆ. ಸಾವಿರದ ಮೇಲೆ ಲೈಕು. ಸಂಜೆ ಗೆಜ್ಜೆ ಕಿತ್ತುಕೊಂಡಿದ್ದ. ದಾರವೂ ಬಂತೆಂದು ತಿಳಿದಿದ್ದ. ಕರಿಬಾಲದಲ್ಲಿ ಕರಿದಾರ, ಅವನಿಗೆ ಕಂಡಿರಲಿಲ್ಲ. ಶುಕ್ರವಾರದಿಂದ ಬೆಕ್ಕು ಊಟ ಬಿಟ್ಟಿತ್ತು.

"ಅಕ್ಕಾ, ಅದು... ಸುಮ್ಮ ಕಾಮಿಡಿಗಿ..."

"ನಿನ್ನ ಬೆರಳಿಗಿ ಹಂಗ ಬಿಗದು ನಾಕ ದಿನಾ ಬಿಡ್ತೇನಿ. ಆಮ್ಯಾಲ ನಗೂಣಂತ."

ಅಜ್ಜ ಗಾದಿಯಿಂದ ಎದ್ದ. ಚಂಪಿಯನ್ನು ತನ್ನ ಟವೆಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡ. ಮಧು ಬುಟ್ಟಿ ಚಾಚಿದರೆ ಮೊಣಕೈಯಿಂದ ತಳ್ಳಿ ಆಟೋ ಹತ್ತಿದ.

ದನದ ದವಾಖಾನೆಯ ಡಾಕ್ಟರು ದಾರ ಕತ್ತರಿಸಿ ತೆಗೆದು, ಗಾಯ ತೊಳೆದು ಪಟ್ಟಿ ಕಟ್ಟಿದರು. ನೋವಿಗೆ ಊಟ ಬಿಟ್ಟಿದೆ, ಇನ್ನು ತಿನ್ನುತ್ತದೆ ಎಂದರು. ಬಾಲದ ತುದಿಗೆ ರಕ್ತ ಓಡುತ್ತದೋ, ಕತ್ತರಿಸಬೇಕೋ ಎನ್ನುವುದನ್ನು ಮೂರು ದಿನ ನೋಡಿ ಹೇಳುವುದಾಗಿ ತಿಳಿಸಿದರು. ಅಷ್ಟರಲ್ಲಿ ಹನ್ನೊಂದರ ಬಸ್ಸು ಹೋಗಿತ್ತು.

ಮನೆಗೆ ಬಂದ ಮೇಲೆ ಶೈಲಾ ಮತ್ತೆ ಫೋನ್ ಮಾಡಿದಳು. "ಸಂಜಿಕ ನಾನ ಬರ್ತೇನಿ. ಅಲ್ಲೀತನಾ ನೀ ಆಕಿ ಕಣ್ಣಿಗಿ ಬೀಳಬ್ಯಾಡ."

ಮಧು ಹೊರಗೆ ಕಟ್ಟೆಯ ಮೇಲೆ ಕೂತ. ರೀಲ್ ಅಳಿಸಿದ. ಬಿಸಿಲು ಕಾಲಿನವರೆಗೆ ಬಂತು. ಒಳಗೆ ಜಯವ್ವ ಬಟ್ಟಲು ಇಟ್ಟ ಸದ್ದು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಲಪ್ ಲಪ್ ಎಂದು ಹಾಲು ನೆಕ್ಕುವ ಸಣ್ಣ ಶಬ್ದ.

ತಡೆಯಲಾಗಲಿಲ್ಲ. ಎದ್ದು ಹೊಸ್ತಿಲ ಮೇಲೆ ಒಂದು ಕಾಲಿಟ್ಟ.

ನೆಕ್ಕುವ ಶಬ್ದ ನಿಂತಿತು.

ಮಧು ಕಾಲು ಹಿಂದಕ್ಕೆ ತೆಗೆದು, ಬಂದು ಬಿಸಿಲಿನಲ್ಲೇ ಕೂತ. ಎಷ್ಟೋ ಹೊತ್ತಿನ ಮೇಲೆ ಅದು ಮತ್ತೆ ಶುರುವಾಯಿತು.