ಮಾನವ ಸಹಾಯವಿಲ್ಲದೆ

ರೇಣುಕಪ್ರಸಾದ್ ಬರೆದ ಸಾಫ್ಟ್‌ವೇರಿನ ಮುಂದೆ ಒಂದು ತೆಂಗಿನಕಾಯಿ ಇಟ್ಟರೆ ಸಾಕು, ಅದು ಯಾರ ತೋಟದ್ದು, ಸರ್ವೆ ನಂಬರೆಷ್ಟು, ಕೆಡವಿದವನು ಯಾರು ಎಂಬುದನ್ನೆಲ್ಲ ತಾನೇ ಹೇಳಿಬಿಡುತ್ತಿತ್ತು. ಈ ಸಂಗತಿ ಕೇಳಿ ದಿಲ್ಲಿಯಿಂದ ಮೂರು ಸಲ ಫೋನು ಬಂದಿತ್ತು. ಮೂರು ಸಲವೂ ಅವನು ಮುದ್ದೆ ಮುರಿಯುತ್ತಿದ್ದದ್ದರಿಂದ ಎತ್ತಲಾಗಲಿಲ್ಲ. ಕಿಬ್ಬನಹಳ್ಳಿ ಸರ್ಕಲ್ಲಿನ ಟೀ ಅಂಗಡಿಯಲ್ಲಿ ಇಷ್ಟನ್ನೂ ಅವನೇ ಹೇಳಿದ್ದು.

ಕೆಲಸ ಮಾತ್ರ ಒಂದು ನಾಡಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರನದು. ಪಿಂಚಣಿಯವರು ವರ್ಷಕ್ಕೊಮ್ಮೆ ಬಂದು, ಬದುಕಿದ್ದೇವೆ ಎಂದು ಯಂತ್ರಕ್ಕೆ ಹೆಬ್ಬೆಟ್ಟು ತೋರಿಸಬೇಕು. ಸೀಮೆಯ ಮುದುಕಿಯರೋ ಆಯುಸ್ಸೆಲ್ಲ ಕಾಯಿ ಸುಲಿದವರು. ಬೆರಳಿನ ಗೆರೆಗಳು ಮಟ್ಟೆಯ ಜೊತೆಗೇ ಸುಲಿದುಹೋಗಿವೆ. ಬೇರೆ ಕಚೇರಿಗಳಲ್ಲಿ ಯಂತ್ರ ಕೆಂಪು ದೀಪ ತೋರಿಸಿ ಅವರನ್ನು ವಾಪಸು ಕಳಿಸುತ್ತಿತ್ತು. ಹಾಗೆ ನಿಂತ ಸಾಲಿನ ಬಾಲ ತುಮಕೂರು ಮುಟ್ಟಿತ್ತಂತೆ. ರೇಣುಕಪ್ರಸಾದನ ಕಚೇರಿಯಿಂದ ಮಾತ್ರ ಒಬ್ಬ ಮುದುಕಿಯೂ ವಾಪಸು ಹೋಗಿರಲಿಲ್ಲ. ಈ ಒಂದು ಮಾತು ನಿಜ.

ಹೊಸ ಪ್ರಯೋಗ ಮಾಡಿದವರಿಗೆ ಪ್ರಶಸ್ತಿ ಎಂದು ಜಿಲ್ಲೆಯಿಂದ ಸುತ್ತೋಲೆ ಬಂದಾಗ ಅವನು ಅರ್ಜಿ ತುಂಬಿದ. 'ಸವೆದ ಬೆರಳಚ್ಚನ್ನು ಮಾನವ ಸಹಾಯವಿಲ್ಲದೆ ಓದುವ ತಂತ್ರಾಂಶ' ಎಂದು ಬರೆದ. 'ಮಾನವ ಸಹಾಯವಿಲ್ಲದೆ' ಎಂಬುದನ್ನು ಆಮೇಲೆ ಸೇರಿಸಿದ್ದು, ತೂಕ ಬರಲಿ ಎಂದು.

ತಿಂಗಳೊಳಗೆ ಉತ್ತರ ಬಂತು. ಮೊದಲ ಪ್ಯಾರಾದಲ್ಲಿ ಹೊಗಳಿಕೆ. ಅದನ್ನು ಕಚೇರಿಗೆಲ್ಲ ಕೇಳುವಂತೆ ಎರಡು ಸಲ ಓದಿದ. ಎರಡನೆಯದರಲ್ಲಿ ಹೀಗಿತ್ತು: ಮಾನವ ಸಹಾಯ ಬೇಡವಾದ ಕಾರಣ, ಪಿಂಚಣಿದಾರರಿಗೆ ನೆರವಾಗಲು ಹೊರಗುತ್ತಿಗೆಯಲ್ಲಿರುವ ರಾಮಲಕ್ಷ್ಮಮ್ಮನವರ ಸೇವೆಯನ್ನು ಮುಂದಿನ ತಿಂಗಳಿಂದ ಕೈಬಿಡಲಾಗುವುದು, ಅದಕ್ಕೂ ಮುನ್ನ ಗಿರಿಜಾಂಬಿಕಾ ಎಂಬ ಅಧಿಕಾರಿ ಸೋಮವಾರ ಬಂದು ತಂತ್ರಾಂಶವನ್ನು ನೋಡುವರು. ಅವನು ಕಾಗದ ಮಡಚಿದ.

ಹನ್ನೊಂದು ವರ್ಷದಿಂದ ಆ ಕಚೇರಿಯ ಕಸ ಗುಡಿಸಿ, ಬಂದವರನ್ನು ಸಾಲಿನಲ್ಲಿ ಕೂರಿಸುತ್ತಿದ್ದ ರಾಮಲಕ್ಷ್ಮಮ್ಮ ಟೀ ಲೋಟ ಇಡುತ್ತ ಕೇಳಿದಳು, "ಕೆಳುಗ್ಲುದ್ ಓದ್ಲೇ ಇಲ್ವಲ್ಲ ಪ್ರಸಾದಣ್ಣ?"

"ಅದ್ ಬುಡಕ್ಕ, ಬರೀ ಆಫೀಸ್ ಭಾಷೆ."

ಸೋಮವಾರ ಬೆಳಿಗ್ಗೆಯೇ ಅವಳನ್ನು ಸರ್ಕಲ್ಲಿನಿಂದ ಬಿಸ್ಕತ್ತು ತರಲು ಅಟ್ಟಿದ. ಗಿರಿಜಾಂಬಿಕಾ ಬಂದು ಕುರ್ಚಿ ಎಳೆದುಕೊಂಡು ಕೂತರು. ಮೊದಲ ಹೆಬ್ಬೆಟ್ಟು ಕಲ್ಲಮ್ಮನದು; ಎಪ್ಪತ್ತೆಂಟು ವರ್ಷದ, ಹಾಸುಗಲ್ಲಿನಷ್ಟು ನುಣುಪಾದ ಹೆಬ್ಬೆಟ್ಟು. ಕೆಂಪು ದೀಪ. ರೇಣುಕಪ್ರಸಾದ್ ಏನೇನೋ ಒತ್ತಿದ, ಪರದೆಯ ಮೇಲೆ ಕಿಟಕಿಗಳನ್ನು ತೆರೆದು ಮುಚ್ಚಿದ, ತುಮಕೂರಿನ ಸರ್ವರನ್ನು ಬೈದ. ಮತ್ತೆ ಕೆಂಪು. ಮೂರನೆಯ ಸಲವೂ ಕೆಂಪು.

ಕಲ್ಲಮ್ಮನಿಗೆ ಬೇಜಾರಾಯಿತು. "ರಾಮಲಕ್ಷ್ಮಿ ಎಲ್ಲೋದ್ಳಪ್ಪ? ಅವ್ಳು ಕೊಬ್ರಿ ಉಜ್ದೆ ಇದು ಯಾವತ್ ಹತ್ಕಂಡೈತೆ?"

ಅಷ್ಟರಲ್ಲಿ ಬಿಸ್ಕತ್ತಿನ ಪೊಟ್ಟಣ ಹಿಡಿದು ರಾಮಲಕ್ಷ್ಮಮ್ಮ ಬಂದೇಬಿಟ್ಟಳು. ಕೆಂಪು ದೀಪ ಕಂಡವಳೇ ಯಾರನ್ನೂ ಕೇಳದೆ ಸೊಂಟದ ಗಂಟಿನಿಂದ ಒಂದು ಚೂರು ಕೊಬ್ಬರಿ ತೆಗೆದು, ಕಲ್ಲಮ್ಮನ ಹೆಬ್ಬೆಟ್ಟಿಗೆ ನಾಲ್ಕು ಸಲ ಉಜ್ಜಿ, ಸೆರಗಿನಲ್ಲಿ ಒಂದೇ ಸಲ ಒರೆಸಿ, ಗಾಜಿನ ಮೇಲೆ ಒತ್ತಿದಳು. ಹಸಿರು.

"ಜಿಡ್ಡು ಜಾಸ್ತಿ ಆದ್ರೆ ಜಾರ್ತದೆ ಮೇಡಮ್ಮಾರೆ, ಕಮ್ಮಿ ಆದ್ರೆ ಹಿಡಿಯಲ್ಲ," ಎಂದಳು ಅವಳು, ಪೊಟ್ಟಣ ಒಡೆಯುತ್ತ.

ಗಿರಿಜಾಂಬಿಕಾ ಅರ್ಜಿಯನ್ನು ಹೊರತೆಗೆದರು. "ರೇಣುಕಪ್ರಸಾದ್, ನಿಮ್ಮ ಸಾಫ್ಟ್‌ವೇರ್ ಎಲ್ರೀ?"

ಇದೇ ಅದರ ಎರಡನೇ ಆವೃತ್ತಿ ಎಂದುಬಿಡುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ರಾಮಲಕ್ಷ್ಮಮ್ಮ ಬಿಸ್ಕತ್ತಿನ ತಟ್ಟೆಯನ್ನು ಮೊದಲು ಅವನ ಮುಂದೆಯೇ ಹಿಡಿದಳು. ಅವನ ಜೇಬಿನಲ್ಲಿ ಆ ಮಡಚಿದ ಕಾಗದವಿತ್ತು.

"ಸಾಫ್ಟ್‌ವೇರ್ ಇಲ್ಲ ಮೇಡಂ," ಎಂದ. "ಮಾಡಿದ್ದೆಲ್ಲ ಈಯಮ್ಮನೇ. ಎರಡನೇ ಪ್ಯಾರಾನ ನಾನು ಇವಳಿಗೆ ಓದಿ ಹೇಳಲಿಲ್ಲ."

"ತೆಂಗಿನಕಾಯಿ ಸರ್ವೆ ನಂಬರ್ ಹೇಳ್ತದಂತಲ್ಲ? ಬರುವಾಗ ಟೀ ಅಂಗಡೀಲಿ ಕೇಳ್ದೆ."

"ಅದೂ ಇಲ್ಲ ಮೇಡಂ."

ಅವರು ಪೆನ್ನು ಕೊಟ್ಟರು. ಅರ್ಜಿಯಲ್ಲಿ 'ವಿಲ್ಲದೆ' ಎಂಬುದನ್ನು ಹೊಡೆದುಹಾಕಿ ಅವನು 'ದಿಂದ' ಎಂದು ಬರೆದ.

"ಯಾವ ಮಾನವರು? ಹೆಸರೂ ಬರೀರಿ."

"ರಾಮಲಕ್ಷ್ಮಮ್ಮ," ಎನ್ನುತ್ತಲೇ ಬರೆದ. "ನಾನು ಬಟನ್ ಒತ್ತೋನು ಮೇಡಂ, ಅಷ್ಟೇ."