ಟೈಲರಮ್ಮನ ಮಗಳು ಹಾಡಲು ಹೋದದ್ದು

ಬೀದಿ ಕೊನೆಯ ಹಾಲ್‌ನಲ್ಲಿ ಹೆಂಗಸರು ಸಂಜೆ ಸೇರಿ ಹಾಡಲು ಶುರುಮಾಡಿದಾಗ ಟೈಲರಮ್ಮನಿಗೆ ಮೊದಲು ಹುಟ್ಟಿದ್ದು ಅನುಮಾನ. ಪುಕ್ಕಟೆ ಹಾಡು ಕಲಿಸುತ್ತಾರಂತೆ! ಬೆಳ್ಳಗಿರುವುದೆಲ್ಲ ಹಾಲೇ?

ಮಗಳನ್ನೂ ಕಳಿಸು ಎಂದು ಹಾಡು ಕಲಿಸುವ ನರ್ಸಕ್ಕ ಮನೆಗೇ ಬಂದಾಗ ಟೈಲರಮ್ಮ ಹೊಲಿಗೆ ಮಿಷನ್ ತುಳಿಯುವುದನ್ನು ಬಿಡಲಿಲ್ಲ.

"ಇವಳಿಗೆ ಮಾತು ತೊದಲುತ್ತೆ. ಹಾಲಿನವನು ಅಣಕಿಸಿ ಅಣಕಿಸಿ ಹೊಸ್ತಿಲು ದಾಟೋದೇ ಬಿಟ್ಟಿದ್ದಾಳೆ. ಮಧ್ಯದಲ್ಲಿ ಕೂರಿಸಿ ನಗಬೇಕಾ ನಿಮಗೆ?"

"ನಗೋಕೆ ನಿನ್ನ ಮುಖ ಸಾಕಮ್ಮ. ಒಂದ್ಸಲ ಕಳ್ಸು."

"ನಾ... ನಾ..." ಎಂದಳು ಮಗಳು.

ಟೈಲರಮ್ಮ ಥಟ್ಟನೆ ಮಿಷನ್ ನಿಲ್ಲಿಸಿದಳು. ಮಗಳು ಬಾಯಿ ತೆರೆದಾಗಲೆಲ್ಲ ಹೀಗೆಯೇ, ಚೆನ್ನಾಗಿ ಕೇಳಿಸಲಿ ಎಂದು. ಮನೆಯೆಲ್ಲ ಗಪ್‌ಚಿಪ್. ಮಗಳು ಬಾಯಿ ಮುಚ್ಚಿಕೊಂಡಳು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿ ನರ್ಸಕ್ಕನ ಹಿಂದೆ ನಡೆದೇಬಿಟ್ಟಳು.

ಟೈಲರಮ್ಮನೂ ಹಿಂದೆಯೇ ಹೋಗಿ ಹಾಲ್‌ನ ಬಾಗಿಲ ಮರೆಯಲ್ಲಿ ನಿಂತಳು. ಯಾರಾದರೂ ಕಿಸಕ್ಕೆನ್ನಲಿ, ಜನ್ಮ ಜಾಲಾಡುತ್ತೇನೆ!

ಒಳಗೆ ಬೀದಿ ಗುಡಿಸುವವಳೂ ಅಂಗಡಿಯವನ ಹೆಂಡತಿಯೂ ಒಂದೇ ಚಾಪೆಯ ಮೇಲೆ ಕೂತಿದ್ದರು. ಮಗಳನ್ನು ಹೆಸರು ಹೇಳು ಎಂದು ಯಾರೂ ನಿಲ್ಲಿಸಲಿಲ್ಲ. ನರ್ಸಕ್ಕ ಬಕೆಟ್ ಬೋರಲು ಹಾಕಿ ತಾಳ ಹಿಡಿದಳು, ಎಲ್ಲರೂ ಒಟ್ಟಿಗೆ ದನಿ ಎತ್ತಿದರು. ಅದರೊಳಗೆ ಮಗಳ ದನಿ! ಎಲ್ಲೂ ತಡವರಿಸದೆ ಹರಿಯುತ್ತಿತ್ತು.

ಹಾಡು ಮುಗಿಯಿತು. "ನಾ... ನಾ..." ಮಗಳ ಮಾತು ಮತ್ತೆ ಸಿಕ್ಕಿಕೊಂಡಿತು. ಟೈಲರಮ್ಮ ಒಳನುಗ್ಗಿ ಮಗಳ ಪರವಾಗಿ ತಾನೇ ಹೇಳಲು ಹೊರಟಳು. ನರ್ಸಕ್ಕ ಕೈಹಿಡಿದು ತಡೆದಳು. ಹೆಂಗಸರು ಹಾಡಿನ ತಾಳಕ್ಕೇ ಮೆಲ್ಲಗೆ ಚಪ್ಪಾಳೆ ತಟ್ಟುತ್ತ ಕಾದರು.

"ನಾ... ನಾಳೇನೂ ಬರ್ತೀನಿ."

"ವಾಸಿ ಆಗಲಿಲ್ವಲ್ಲ!" ಎಂದಳು ಟೈಲರಮ್ಮ.

"ಇದೇನು ಮದ್ದಲ್ಲಮ್ಮ," ಎಂದಳು ನರ್ಸಕ್ಕ. "ಹಾಡುವಾಗ ತುಂಬಾ ಜನಕ್ಕೆ ತೊದಲು ಬಿಡುತ್ತೆ, ಮಾತಾಡೋವಾಗ ಮತ್ತೆ ಬರುತ್ತೆ. ಆದ್ರೆ ಜೊತೆಗೆ ಹಾಡಿದವರು ಅಣಕಿಸಲ್ಲ. ನೀನು ಮಿಷನ್ ನಿಲ್ಲಿಸಿ ಬಾಯನ್ನೇ ನೋಡ್ತಾ ಕೂತ್ರೆ ಯಾರಿಗೆ ಮಾತು ಬರುತ್ತೆ ಹೇಳು?"

ಹಾಲಿನವನ ಹೆಂಡತಿ ಚಾಪೆಯಿಂದಲೇ ಕೂಗಿದಳು: "ಅಕ್ಕಾ, ನಮ್ಮನೆಯವ್ರು ಇನ್ನೊಂದ್ಸಲ ಅಣಕಿಸ್ಲಿ, ಊಟದ ಬದಲು ನೀರು ಕೊಡ್ತೀನಿ."

"ಅದನ್ನ ನಮಗೆ ಹಾಲು ಅಂತ ದಿನಾ ಕೊಡ್ತಾನಲ್ಲ!" ಎಂದಳು ಟೈಲರಮ್ಮ. ಮಗಳು ಬಿದ್ದು ಬಿದ್ದು ನಕ್ಕಳು. ತಾಯಿ ಅವಳ ಪಕ್ಕದಲ್ಲೇ ಚಾಪೆಯ ಮೇಲೆ ಕೂತಳು.

ಅಕ್ಕತಂಗಿಯರೇ, ತೊದಲುವವರ ಮಾತನ್ನು ನೀವು ಮುಗಿಸಬೇಡಿ, ಕಾಯಿರಿ. ನಿಮ್ಮ ಬೀದಿಯಲ್ಲಿ ಹಾಡುವ ಗುಂಪಿಲ್ಲವೇ? ನಾಲ್ಕು ಜನ ಸೇರಿ ಶುರುಮಾಡಿ. ಇಷ್ಟು ದಿನ ಯಾರನ್ನು ಯಾವುದಕ್ಕೂ ಕರೆಯದೆ ಬಿಟ್ಟಿದ್ದೀರೋ, ಮೊದಲು ಅವರ ಮನೆ ಬಾಗಿಲು ತಟ್ಟಿ.