ನಾಲಿಗೆಗೆ ಅಂಟಿದ ಚೂರು

ಇದು ಹಳೆಯ ಎಣ್ಣೆಯೇ? ಸಾವಿರಾರು ವರ್ಷ ಕಡಲದಡದ ಮರಳಡಿ ಬಿದ್ದಿದ್ದ ಮಡಕೆ ಚೂರಿನಲ್ಲಿ ಎಣ್ಣೆ ಇಷ್ಟು ತಾಜಾ ಉಳಿದೀತೇ? ಅವನು ಪ್ರಯೋಗಾಲಯದ ವರದಿಯನ್ನು ಮತ್ತೆ ಓದಿದ. ಬಲುಬೇಗ ಕೆಡುವಂಥ ಮೀನಿನ ಕೊಬ್ಬು, ಕೆಡದೆ ಸಿಕ್ಕಿದೆ ಎಂದಿತ್ತು. ಬಾಯಲ್ಲಿ ನೀರೂರಿತು. ವಾಂತಿಗೆ ಮುಂಚೆ ಊರುವ ನೀರು.

ಎದುರು ಮೇಜಿನಲ್ಲಿ ಭಾವ ಊಟ ಮಾಡುತ್ತಿದ್ದರು. ಅಕ್ಕನ ಗಂಡ, ಅವನ ಸಂಶೋಧನೆಗೆ ಮಾರ್ಗದರ್ಶಕರೂ ಅವರೇ. ಎಂದಿನಂತೆ ಎಣ್ಣೆ ಜಿನುಗುವ ಡಬ್ಬಿ ಮೀನು. ಬೆರಳಲ್ಲೇ ಎತ್ತಿ ಬಾಯಿಗೆ ಹಾಕಿಕೊಳ್ಳುವುದು, ಮೀಸೆಗೆ ಸಿಕ್ಕಿದ್ದನ್ನು ನಾಲಿಗೆ ಚಾಚಿ ಎಳೆದುಕೊಳ್ಳುವುದು. ಊಟದ ನಡುವೆಯೇ, ಅಗೆದು ತಂದ ಚೂರುಗಳ ಟ್ರೇಯಿಂದ ಒಂದನ್ನು ತೆಗೆದು ನೆಕ್ಕಿದರು. ಅಗೆಯುವವರ ಹಳೇ ಅಭ್ಯಾಸ: ನಾಲಿಗೆಗೆ ಅಂಟಿದರೆ ಮಡಕೆ, ಜಾರಿದರೆ ಕಲ್ಲು.

“ಮಡಕೆ,” ಎಂದು ಎಂಜಲು ಹೊಳೆಯುವ ಚೂರನ್ನು ಅವನತ್ತ ಚಾಚಿದರು. “ಯಾಕೋ ಮುಖ ಹಿಂಡ್ತೀಯ? ಅಕ್ಕನಿಗೆ ತಕ್ಕ ತಮ್ಮ!”

“ಭಾವ, ಪರೀಕ್ಷೆಗೆ ಕಳಿಸಿದ್ದನ್ನೂ ನೆಕ್ಕಿದ್ರಾ?”

“ಮತ್ತೆ? ಕಲ್ಲು ಕಳಿಸಿ ನಗೆಪಾಟಲಾಗ್ಬೇಕಿತ್ತಾ?” ಬೆರಳು ಚೀಪಿದರು. “ಆ ಕಾಲದ ಕಡಲದಡದ ಬೇಟೆಗಾರರು ಮಡಕೇಲಿ ಮೀನೇ ಬೇಯಿಸ್ತಿದ್ರು ಅಂತ ಬಾಯಿ ಬಡ್ಕೊಂಡೆ. ನೀನು, ದೋಣಿಗೆ ಬಳಿಯೋಕೆ ಮರದ ಅಂಟು ಕಾಯಿಸ್ತಿದ್ರು ಅಂದೆ. ಈಗ ಹೇಳಪ್ಪಾ ಪಂಡಿತ!”

“ಆದ್ರೆ ಇಷ್ಟು ತಾಜಾ...”

“ಉಪ್ಪು ಮರಳು ಕಣೋ. ಉಪ್ಪಲ್ಲಿಟ್ಟಿದ್ದು ಕೆಡುತ್ತಾ?”

ಚೂರುಗಳ ಒಳಮೈಯಲ್ಲಿ ಅವನು ಭೂತಗನ್ನಡಿ ಹಿಡಿದು ಕಂಡಿದ್ದ ಕಪ್ಪು ಅಂಟಿನ ಪದರಕ್ಕೆ ಇನ್ನು ಲೇಖನದಲ್ಲಿ ಜಾಗವಿಲ್ಲ. ಬಾಯಿ ಬಿಟ್ಟರೆ ಜಾಗ ಸಿಕ್ಕೀತು. ಆದರೆ ಬೆಳಿಗ್ಗೆ ಅಕ್ಕ ಫೋನಿನಲ್ಲಿ ಅಂದಿದ್ದಳು: “ವರ್ಷಗಟ್ಟಲೆ ಮನೇಲಿ ಹಲ್ಲು ಕಡೀತಿದ್ದ ಮನುಷ್ಯ ನಿನ್ನೆ ಆ ವರದಿ ನೋಡಿ ನಕ್ಕಿದಾರೆ ಕಣೋ. ನೀನು ಕೊಂಕು ತೆಗೀಬೇಡ, ನಿನ್ನ ದಮ್ಮಯ್ಯ.”

“ಲೇಖನಕ್ಕೆ ನಿನ್ನ ಹೆಸರನ್ನೂ ಹಾಕ್ತೀನಿ,” ಭಾವ ಕೈ ನೀಡಿದರು.

ಕೈ ಹಿಡಿದ. ಮೀನಿನೆಣ್ಣೆ ಬೆಚ್ಚಗೆ, ಜಿಡ್ಡಾಗಿ, ಬೆರಳ ಸಂದಿಯವರೆಗೂ ಇಳಿಯಿತು. ನಲ್ಲಿಯ ಕೆಳಗೆ ಸೋಪು ಹಾಕಿ ಚರ್ಮ ಕೆಂಪಾಗುವಷ್ಟು ಉಜ್ಜಿದ. ಮೂಸಿದರೆ ಅದೇ ನಾತ. ಭಾವನ ಮೇಲೆ ಎಷ್ಟು ಹೇಸಿಗೆಯಾಗಿತ್ತೋ, ಆ ಕೈ ತನ್ನದು ಎಂಬುದಕ್ಕೆ ಅದಕ್ಕಿಂತ ಹೆಚ್ಚು ಹೇಸಿಗೆಯಾಯಿತು.

ಲೇಖನ ಅಚ್ಚಾಯಿತು, ಇಬ್ಬರ ಹೆಸರಲ್ಲೂ. ಅಕ್ಕ ಒಂದು ಪ್ರತಿಯನ್ನು ಮನೆಗೆ ಬಂದವರಿಗೆಲ್ಲ ತೋರಿಸುತ್ತಾಳೆ.

ಆ ಎಣ್ಣೆ ಡಬ್ಬಿಯದು, ಮಡಕೆಯದಲ್ಲ ಎಂದು ಅವನು ಯಾರಿಗೂ ಹೇಳಲಿಲ್ಲ.